ಕಾಡು, ಹುಲ್ಲುಗಾವಲು ಚೇತರಿಸಿಕೊಳ್ಳಲು ನೆಲದ ಮೇಲೆ ಕೆಲಸ ಮಾಡುವುದು ಹೇಗೆ?

ಹಾಳಾದ ಜಾಗವನ್ನು ಮತ್ತೆ ಹಕ್ಕಿ, ಹುಳ, ಪ್ರಾಣಿಗಳ ನೆಲೆ ಮಾಡೋಣ ಎಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಸಸಿ ನೆಡುವುದು. ಆದರೆ ಈ ಕೆಲಸದಲ್ಲಿ ನೆಡುವ ಸರದಿ ಬರುವುದು ಕೊನೆಗೆ. ಎಷ್ಟೋ ಕಡೆ ಬರುವುದೇ ಇಲ್ಲ. ಕಳೆ ಕೀಳುವುದು, ಪೊದೆ ಸವರುವುದು, ಹುಲ್ಲು ಕೊಯ್ಯುವುದು, ಕೊರಕಲಿಗೆ ಕಲ್ಲು ಜೋಡಿಸುವುದು, ಬೇಲಿ ರಿಪೇರಿ ಮಾಡುವುದು, ಸ್ವಲ್ಪ ದಿನ ಬಿಟ್ಟು ಅದೇ ಜಾಗಕ್ಕೆ ಹೋಗಿ ಮತ್ತೆ ಕಳೆ ಕೀಳುವುದು. ದಿನಗಳು ಕಳೆಯುವುದು ಹೀಗೆ. ಸ್ವಯಂಸೇವಕರಾಗಿ ಬರುವವರಿಗೂ, ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕು ಎನ್ನುವವರಿಗೂ ಕೆಲಸದ ಕ್ರಮವನ್ನು ಹೇಳುವುದು ಈ ಬರಹದ ಉದ್ದೇಶ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಮತ್ತೆ ಮತ್ತೆ ಬಂದು ನೋಡಿಕೊಳ್ಳಲು ಆಗುವಷ್ಟು ಜಾಗಕ್ಕೆ ಮಾತ್ರ ಕೈ ಹಾಕಿ. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

1. ಮೊದಲು ನೋಡಿ, ಆಮೇಲೆ ಮಚ್ಚು ಹಿಡಿಯಿರಿ

ಜಾಗ ಯಾರದ್ದು, ಅಲ್ಲಿ ಕೆಲಸ ಮಾಡಲು ಯಾರ ಅನುಮತಿ ಬೇಕು ಎನ್ನುವುದು ಮೊದಲು ಇತ್ಯರ್ಥವಾಗಲಿ. ಕಾಡು, ಜೌಗು, ನದಿಯಂಚು ಯಾವುದೇ ಇರಲಿ, ಕಾನೂನಿನ ರಕ್ಷಣೆ ಇರುವ ಜಾಗದಲ್ಲಿ ಕಳೆ ಕೀಳುವುದಕ್ಕೂ ಲಿಖಿತ ಅನುಮತಿ ಬೇಕಾಗಬಹುದು.

ಆಮೇಲೆ ಸುಮ್ನೆ ನಡೆಯಿರಿ. ಆಗುವುದಾದರೆ ಒಂದು ವರ್ಷದ ಎಲ್ಲ ಋತುಗಳಲ್ಲೂ ನಡೆಯಿರಿ. ಬೇಸಿಗೆಯಲ್ಲಿ ಬರಡಾಗಿ ಕಾಣುವ ನೆಲದಡಿ ಗೆಡ್ಡೆಗಳು ಮಲಗಿರುತ್ತವೆ. ಮಳೆ ಬಿದ್ದ ಎರಡೇ ವಾರಕ್ಕೆ ಅದೇ ಜಾಗ ಹೂವಿನಿಂದ ತುಂಬಿರುತ್ತದೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ, ಪ್ರಾಣಿಗಳ ಜಾಡು ಯಾವ ಕಡೆಗಿದೆ, ಯಾವ ಮರದ ಕೆಳಗೆ ಹಕ್ಕಿ ಹಿಕ್ಕೆ ಜಾಸ್ತಿ ಬಿದ್ದಿದೆ, ಎಲ್ಲವನ್ನೂ ಬರೆದುಕೊಳ್ಳಿ. ಕೈಯಲ್ಲೇ ಒಂದು ನಕ್ಷೆ ಬರೆದು ಮೂರು ಬಣ್ಣ ಹಾಕಿ: ಚೆನ್ನಾಗಿರುವ ಜಾಗ, ಅರ್ಧ ಹಾಳಾದ ಜಾಗ, ಪೂರ್ತಿ ಹಾಳಾದ ಜಾಗ. ಈ ನಕ್ಷೆ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಗಿಡ ಗುರುತಿಸುವುದನ್ನು ಕಲಿಯದೆ ಇಲ್ಲಿ ಮುಂದೆ ಹೋಗಲು ಆಗುವುದಿಲ್ಲ. ಹೂ ಬಿಟ್ಟ ಗಿಡವನ್ನು ಯಾರಾದರೂ ಗುರುತಿಸುತ್ತಾರೆ. ನಿಮಗೆ ಬೇಕಾಗುವುದು ಎರಡೆಲೆಯ ಮೊಳಕೆಯನ್ನು ಗುರುತಿಸುವ ಕಣ್ಣು. ಕಳೆಯ ಮೊಳಕೆ ಯಾವುದು, ಕಾಡುಮರದ ಮೊಳಕೆ ಯಾವುದು ಎಂದು ಗೊತ್ತಿಲ್ಲದವರ ಕೈಗೆ ಗುದ್ದಲಿ ಕೊಟ್ಟರೆ ಉಳಿಯಬೇಕಾದದ್ದೇ ಮೊದಲು ಹೋಗುತ್ತದೆ.

2. ಈ ಜಾಗಕ್ಕೆ ಏನು ಬೇಕು ಎಂದು ಕೇಳಿ

ಬೇಲಿ ಹಾಕಿ, ಮನುಷ್ಯರನ್ನೂ ದನಗಳನ್ನೂ ಹೊರಗಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಕೆಲವು ಕಡೆ ಅದು ನಿಜ. ಕೆಲವು ಕಡೆ ಅದೇ ಕುತ್ತಾಗುತ್ತದೆ.

ಬ್ರಿಟನ್ನಿನ ಲಾರ್ಜ್ ಬ್ಲೂ ಚಿಟ್ಟೆಯ ಕಥೆ ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಇದರ ಮರಿಹುಳ ಮೊದಲು ಕಾಡು ಥೈಮ್ ಗಿಡದ ಹೂ ತಿನ್ನುತ್ತದೆ. ಆಮೇಲೆ ನೆಲಕ್ಕೆ ಬೀಳುತ್ತದೆ. ಕೆಂಪಿರುವೆಗಳು ಅದನ್ನು ತಮ್ಮದೇ ಮರಿ ಎಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಅದು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಈ ಚಿಟ್ಟೆ ಬದುಕುಳಿಯುವುದು ಬಹುಮಟ್ಟಿಗೆ ಒಂದೇ ಜಾತಿಯ ಇರುವೆಯ ಗೂಡಿನಲ್ಲಿ, ಮಿರ್ಮಿಕಾ ಸಬುಲೆಟಿ ಎನ್ನುವ ಇರುವೆ. ಆ ಇರುವೆಗೆ ಬೆಚ್ಚಗಿನ ನೆಲ ಬೇಕು. ಹುಲ್ಲು ಕೆಲವೇ ಸೆಂಟಿಮೀಟರ್ ಉದ್ದ ಇದ್ದರೆ ಬಿಸಿಲು ನೆಲಕ್ಕೆ ಬೀಳುತ್ತದೆ, ನೆಲ ಬೆಚ್ಚಗಿರುತ್ತದೆ. ಮೇಯಿಸುವುದು ಕಡಿಮೆಯಾಯಿತು. 1950ರ ದಶಕದಲ್ಲಿ ರೋಗ ಬಂದು ಮೊಲಗಳೂ ಸತ್ತವು. ಹುಲ್ಲು ಉದ್ದವಾಯಿತು, ನೆಲ ತಂಪಾಯಿತು, ಆ ಇರುವೆಯ ಜಾಗಕ್ಕೆ ಬೇರೆ ಇರುವೆಗಳು ಬಂದವು. 1979ರಲ್ಲಿ ಬ್ರಿಟನ್ನಿನಲ್ಲಿ ಈ ಚಿಟ್ಟೆ ನಿರ್ನಾಮವಾಯಿತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಈ ಇರುವೆಯ ಗುಟ್ಟನ್ನು ಬಿಡಿಸಿದ ಮೇಲೆ, ಹುಲ್ಲನ್ನು ಮತ್ತೆ ಮೇಯಿಸಿ ಗಿಡ್ಡ ಮಾಡಿದರು. 1980ರ ದಶಕದಲ್ಲಿ ಸ್ವೀಡನ್ನಿನಿಂದ ಚಿಟ್ಟೆಯನ್ನು ತಂದು ಬಿಟ್ಟರು. ಈಗ ಅದು ಅಲ್ಲಿ ಮತ್ತೆ ಹಾರುತ್ತಿದೆ.

ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲೂ ಇಂಥದ್ದೇ ಆಯಿತು. 1982ರಲ್ಲಿ ಎಮ್ಮೆ, ದನಗಳನ್ನು ಮೇಯಿಸುವುದನ್ನು ನಿಲ್ಲಿಸಿದರು. ಮೇಯುವವರಿಲ್ಲದೆ ನೀರಿನ ಹುಲ್ಲು ಹಬ್ಬಿ ಜೌಗಿನ ನೀರನ್ನು ಮುಚ್ಚಿತು, ತೆರೆದ ನೀರು ಬೇಕಾದ ಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಹಾಗೆಂದು ಎಲ್ಲ ಕಡೆ ದನ ಬಿಡಿ ಎಂದು ನಾನು ಹೇಳುತ್ತಿಲ್ಲ. ಅತಿಯಾಗಿ ಮೇಯಿಸಿ ಹಾಳಾದ ನೆಲವೇ ಜಾಸ್ತಿ. ನೀವು ಉಳಿಸಬೇಕಾದ ಜೀವಿ ಯಾವುದು, ಅದು ಎಲ್ಲಿ ಮೊಟ್ಟೆ ಇಡುತ್ತದೆ, ಏನು ತಿನ್ನುತ್ತದೆ, ಅದಕ್ಕೆ ನೆರಳು ಬೇಕೋ ಬಿಸಿಲು ಬೇಕೋ ಎಂದು ತಿಳಿದುಕೊಂಡು ಕೆಲಸ ಶುರು ಮಾಡಿ.

ಹುಲ್ಲುಗಾವಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಸಹಜ ಹುಲ್ಲುಗಾವಲನ್ನು ಖಾಲಿ ಜಾಗ ಎಂದುಕೊಂಡು ಮರ ನೆಟ್ಟರೆ ಅದು ನಾಶದ ಕೆಲಸ. ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಲ್ಲಿ ಆಸ್ಟ್ರೇಲಿಯಾದಿಂದ ತಂದು ನೆಟ್ಟ ವ್ಯಾಟಲ್ ಮರಗಳು ಇವತ್ತಿಗೂ ಹಬ್ಬುತ್ತಲೇ ಇವೆ. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ, ಬೆಂಕಿ ಬಿದ್ದರೆ ಒಟ್ಟಿಗೇ ಮೊಳೆಯುತ್ತದೆ.

3. ಚೆನ್ನಾಗಿರುವ ತುದಿಯಿಂದ ಶುರು ಮಾಡಿ

ಕಳೆ ದಟ್ಟವಾಗಿರುವ ಜಾಗ ನೋಡಿದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಅಲ್ಲಿ ಕೆಲಸ ಮಾಡಿದರೆ ಸಂಜೆಗೆ ದೊಡ್ಡ ರಾಶಿ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ದಟ್ಟ ಕಳೆಯ ಕೆಳಗಿನ ಮಣ್ಣಿನಲ್ಲಿ ಕಳೆಯ ಬೀಜ ತುಂಬಿರುತ್ತದೆ. ಬಯಲು ಮಾಡಿದ ಕೂಡಲೇ ಬಿಸಿಲು ಬಿದ್ದು ಅವೇ ಮೊದಲು ಏಳುತ್ತವೆ. ಪಕ್ಕದಲ್ಲಿ ಸ್ಥಳೀಯ ಗಿಡಗಳೇ ಇಲ್ಲದಿದ್ದರೆ ಆ ಜಾಗ ತುಂಬಲು ಬೇರೆ ಯಾರೂ ಬರುವುದಿಲ್ಲ.

ಇದಕ್ಕೆ ಉಲ್ಟಾ ದಾರಿ ಹಿಡಿದವರು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು. 1960ರ ದಶಕದಲ್ಲಿ ತಮ್ಮ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ನಡೆದಾಡುತ್ತಾ, ಕೈಯಲ್ಲೇ ಕಳೆ ಕೀಳುತ್ತಾ ಅವರು ಕಂಡುಕೊಂಡ ಕ್ರಮ ಮೂರೇ ಮಾತಿನದ್ದು. ಚೆನ್ನಾಗಿರುವ ಕಡೆಯಿಂದ ಹಾಳಾದ ಕಡೆಗೆ ಕೆಲಸ ಮಾಡಿ. ಮಣ್ಣನ್ನು ಆದಷ್ಟು ಕೆದಕಬೇಡಿ. ಸ್ಥಳೀಯ ಗಿಡಗಳು ಬಂದು ತುಂಬುವ ವೇಗಕ್ಕಿಂತ ಜೋರಾಗಿ ಕಳೆ ತೆಗೆಯಬೇಡಿ.

ಮೂರನೆಯದು ಕಷ್ಟದ್ದು. ಇಪ್ಪತ್ತು ಜನ ಒಟ್ಟಿಗೆ ಬಂದಾಗ, "ಇವತ್ತಿಗೆ ಇಷ್ಟೇ ಸಾಕು" ಎನ್ನಲು ಧೈರ್ಯ ಬೇಕು. ಆದರೂ ಹೇಳಲೇಬೇಕು. ಉಳಿದವರನ್ನು ಕಳೆದ ಸಲ ತೆಗೆದ ಜಾಗದ ಮೊಳಕೆ ಕೀಳಲು ಕಳಿಸಿ.

ನಿಮ್ಮ ಮೂರು ಬಣ್ಣದ ನಕ್ಷೆ ಈಗ ತೆಗೆಯಿರಿ. ಮೊದಲು ಚೆನ್ನಾಗಿರುವ ಜಾಗದೊಳಗೆ ಅಲ್ಲೊಂದು ಇಲ್ಲೊಂದು ಇರುವ ಕಳೆ ತೆಗೆಯಿರಿ. ಆಮೇಲೆ ಅದರ ಅಂಚು. ಅಂಚು ಗಟ್ಟಿಯಾದ ಮೇಲೆ ಇನ್ನೊಂದಿಷ್ಟು ಮುಂದಕ್ಕೆ. ಇದಕ್ಕೆ ಒಂದು ವಿನಾಯಿತಿ ಇದೆ: ಹಳ್ಳದಲ್ಲಿ ನೀರಿನ ಜೊತೆ ಬೀಜ ಬರುವ ಕಳೆಯಾದರೆ ಮೇಲಿನಿಂದ ಕೆಳಕ್ಕೆ ಬನ್ನಿ. ಕೆಳಗೆ ಕಿತ್ತು ಮೇಲೆ ಬಿಟ್ಟರೆ ಪ್ರತಿ ಮಳೆಗೂ ಹೊಸ ಬೀಜ ಬರುತ್ತದೆ.

4. ಲಂಟಾನ ಕೀಳುವುದು

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಗಿಡ. ಅಲಂಕಾರಕ್ಕೆಂದು ತೋಟಗಳಿಗೆ ಬಂದು ಭಾರತ, ಆಸ್ಟ್ರೇಲಿಯಾ, ಆಫ್ರಿಕಾದ ಕಾಡುಗಳಲ್ಲೆಲ್ಲ ಹಬ್ಬಿದೆ. ಇದನ್ನು ಕೀಳುವ ರೀತಿ ಗೊತ್ತಾದರೆ ಇಂಥ ಬಹಳಷ್ಟು ಪೊದೆಗಳ ಸ್ವಭಾವ ಅರ್ಥವಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬರೀ ಮೇಲಿಂದ ಸವರಿದರೆ ಲಂಟಾನ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಸುಟ್ಟರೂ ಅಷ್ಟೇ. ಜೆಸಿಬಿ ಹಾಕಿ ಬುಡಮೇಲು ಮಾಡಿದರೆ ಮಣ್ಣು ಕೆದರಿ, ಮಲಗಿದ್ದ ಬೀಜವೆಲ್ಲ ಮೇಲೆ ಬರುತ್ತದೆ. ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಿ. ಆರ್. ಬಾಬು ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದಕ್ಕೊಂದು ಸರಳ ವಿಧಾನ ಮಾಡಿ ತೋರಿಸಿದರು. ಅದು ಬೇರು ಕಡಿಯುವ ವಿಧಾನ.

ಮೊದಲು ಹೊರಗಿನ ಕೊಂಬೆಗಳನ್ನು ಸವರಿ, ಬುಡಕ್ಕೆ ದಾರಿ ಮಾಡಿಕೊಳ್ಳಿ. ಎಳೆ ಕಾಂಡ ಚೌಕಾಕಾರ, ಮೇಲೆಲ್ಲ ಕೊಕ್ಕೆಯಂಥ ಸಣ್ಣ ಮುಳ್ಳು. ಹಾಗಾಗಿ ದಪ್ಪ ಗ್ಲೌಸ್ ಮತ್ತು ತೋಳುದ್ದದ ಅಂಗಿ ಬೇಕು. ಕೈ ಹಾಕುವ ಮೊದಲು ಕೋಲಿನಿಂದ ಪೊದೆಯನ್ನು ತಟ್ಟಿ, ಹಾವಿದ್ದರೆ ಸರಿದು ಹೋಗಲಿ. ಗೂಡು ಇದೆಯಾ ನೋಡಿ. ಮೊಟ್ಟೆ, ಮರಿ ಇದ್ದರೆ ಆ ಪೊದೆಯನ್ನು ಹಾಗೇ ಬಿಟ್ಟು ಮುಂದಕ್ಕೆ ಹೋಗಿ. ಈಗ ಬುಡದ ಮಣ್ಣನ್ನು ಕೈಯಿಂದ ಸರಿಸಿ. ಕಾಂಡಗಳೆಲ್ಲ ಒಂದು ಗಂಟಿಗೆ ಬಂದು ಸೇರುವುದು ಕಾಣುತ್ತದೆ. ಚಿಗುರು ಒಡೆಯುವುದು ಈ ಗಂಟಿನಿಂದಲೇ. ಅದರ ಕೆಳಗೆ ತಾಯಿಬೇರು ಇಳಿದಿರುತ್ತದೆ. ಪಿಕಾಸಿಯ ಅಗಲವಾದ ಬಾಯಿಂದ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿಯಿರಿ. ಪಳಗಿದ ಕೈಯಾದರೆ ಎರಡು ಮೂರು ಏಟಿಗೆ ತುಂಡಾಗುತ್ತದೆ. ಮಣ್ಣು ಹೆಚ್ಚು ಕದಲುವುದಿಲ್ಲ.

ಆಮೇಲೆ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಇಡಿ, ಬೇರು ಮೇಲಕ್ಕೆ ಇರಲಿ. ಗಂಟು ಒದ್ದೆ ಮಣ್ಣಿಗೆ ತಾಗಿದರೆ ಮತ್ತೆ ಜೀವ ಹಿಡಿಯುತ್ತದೆ. ಹೂ, ಕಾಯಿ ಬಿಡುವ ಮುಂಚೆ ಕಿತ್ತರೆ ಒಳ್ಳೆಯದು. ಕಾಯಿ ಹಣ್ಣಾಗಿದ್ದರೆ ಅದನ್ನು ದಾರಿಯುದ್ದಕ್ಕೂ ಉದುರಿಸಿಕೊಂಡು ಎಳೆಯಬೇಡಿ.

ಇಲ್ಲಿಗೆ ಕೆಲಸ ಅರ್ಧ ಮುಗಿಯಿತು, ಅಷ್ಟೇ. ಲಂಟಾನದ ಹಣ್ಣು ತಿಂದ ಹಕ್ಕಿ ಹತ್ತಿರದ ಮರದ ಮೇಲೆ ಕೂತು ಬೀಜ ಉದುರಿಸುತ್ತದೆ. ಹಾಗಾಗಿ ಮುಂದಿನ ಮಳೆಯಲ್ಲಿ ಮೊಳಕೆ ಹುಡುಕಬೇಕಾದ್ದು ಒಂಟಿ ಮರಗಳ ಕೆಳಗೆ. ಎಳೆ ಮೊಳಕೆ ಒದ್ದೆ ಮಣ್ಣಿನಿಂದ ಎರಡು ಬೆರಳಿಗೆ ಬರುತ್ತದೆ. ಅದನ್ನೇ ಎರಡು ವರ್ಷ ಬಿಟ್ಟರೆ ಮತ್ತೆ ಪಿಕಾಸಿ ಬೇಕು.

ಒಂದೇ ಸಲಕ್ಕೆ ಎಲ್ಲ ಲಂಟಾನವನ್ನೂ ತೆಗೆಯುವುದೂ ಬೇಡ. ಕೆಟ್ಟದ್ದಾದರೂ ಈಗ ಅದೇ ಕೆಲವು ಸಣ್ಣ ಹಕ್ಕಿ, ಪ್ರಾಣಿಗಳಿಗೆ ಮರೆ. ಪಟ್ಟೆ ಪಟ್ಟೆಯಾಗಿ ತೆಗೆಯಿರಿ. ತೆಗೆದ ಜಾಗದಲ್ಲಿ ಹುಲ್ಲು, ಸ್ಥಳೀಯ ಪೊದೆ ಬಂದ ಮೇಲೆ ಪಕ್ಕದ ಪಟ್ಟೆಗೆ ಹೋಗಿ.

ಗಿಡನಾಶಕದ ಬಗ್ಗೆ ಒಂದು ಮಾತು. ಕೀಳಲಾಗದ ಮರದಂಥ ಕಳೆಗಳಿಗೆ ಬುಡ ಕಡಿದ ಕೂಡಲೇ ಗಾಯಕ್ಕೆ ಔಷಧ ಸವರುವ ಪದ್ಧತಿ ಬಹಳ ದೇಶಗಳಲ್ಲಿದೆ. ತಡವಾದರೆ ಗಾಯ ಮುಚ್ಚಿಕೊಂಡು ಔಷಧ ಒಳಗೆ ಇಳಿಯುವುದಿಲ್ಲ. ತರಬೇತಿ ಮತ್ತು ಪರವಾನಗಿ ಇಲ್ಲದೆ ಇದನ್ನು ಮುಟ್ಟಬೇಡಿ. ನೀರಿನ ಹತ್ತಿರವಂತೂ ಬೇಡವೇ ಬೇಡ.

5. ಕಡಿದದ್ದನ್ನು ಏನು ಮಾಡೋದು?

ಸಾಗಿಸಿ ಸ್ವಚ್ಛ ಮಾಡಬೇಕು ಎನ್ನುವ ಆಸೆ ಬಿಡಿ. ಬೀಜವಿಲ್ಲದ ಕೊಂಬೆಗಳನ್ನು ಅಲ್ಲಲ್ಲೇ ರಾಶಿ ಹಾಕಿ. ಓತಿಕ್ಯಾತ, ಕಪ್ಪೆ, ಜೀರುಂಡೆ ಬಂದು ಸೇರುತ್ತವೆ. ಸತ್ತು ನಿಂತ ಮರ, ಬಿದ್ದ ದಿಮ್ಮಿ ದಾರಿಗೆ ಅಪಾಯ ಇಲ್ಲದಿದ್ದರೆ ಹಾಗೇ ಇರಲಿ. ಫಿನ್ಲೆಂಡಿನ ಕಾಡುಗಳ ಲೆಕ್ಕದಲ್ಲಿ ಕಾಡಿನ ಜೀವಜಾತಿಗಳಲ್ಲಿ ಸುಮಾರು 20ರಿಂದ 25% ಒಂದಲ್ಲ ಒಂದು ರೀತಿ ಸತ್ತ ಮರವನ್ನು ನಂಬಿವೆ.

6. ಹುಲ್ಲು, ಬೆಂಕಿ

ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಲು ಯಾರಾದರೂ ಹುಲ್ಲನ್ನು ತೆಗೆಯುತ್ತಿರಬೇಕು: ಮೇಯುವ ಪ್ರಾಣಿ, ಕುಡುಗೋಲು, ಇಲ್ಲವೇ ಬೆಂಕಿ. ಕೊಯ್ಯುವುದಾದರೆ ಹೂ ಬೀಜವಾಗಿ ಉದುರಿದ ಮೇಲೆ ಕೊಯ್ಯಿರಿ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ ಮುಗಿದಿರಬೇಕು. ನಡುವಿನಿಂದ ಹೊರಕ್ಕೆ ಕೊಯ್ಯುತ್ತಾ ಹೋದರೆ ಒಳಗಿರುವ ಜೀವಿಗಳು ಅಂಚಿನ ಕಡೆ ಓಡಬಹುದು. ಹೊರಗಿನಿಂದ ಸುತ್ತು ಹಾಕಿದರೆ ನಡುವೆ ಸಿಕ್ಕಿಬೀಳುತ್ತವೆ. ಪ್ರತಿ ವರ್ಷ ಒಂದು ಭಾಗವನ್ನು ಕೊಯ್ಯದೆ ಬಿಡಿ, ಮುಂದಿನ ವರ್ಷ ಬೇರೆ ಭಾಗ. ಕೊಯ್ದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಟ್ಟರೆ ಅದೇ ಮಣ್ಣಿಗೆ ಗೊಬ್ಬರವಾಗಿ ಒರಟು ಹುಲ್ಲು, ಕಳೆ ಮೇಲುಗೈ ಪಡೆಯುತ್ತವೆ. ಒಂದೆರಡು ದಿನ ಒಣಗಲು ಬಿಟ್ಟು, ಉಳಿದ ಬೀಜವೂ ಉದುರಿದ ಮೇಲೆ ಹೊರಗೆ ಸಾಗಿಸಿ.

ಬೆಂಕಿ ದೊಡ್ಡ ಹತ್ಯಾರ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ ಹಳೆಯ ಹೊಲವೊಂದನ್ನು ಪ್ರೇರಿ ಹುಲ್ಲುಗಾವಲು ಮಾಡಲು ಹೊರಟರು. ಆಗಾಗ ಬೆಂಕಿ ಕೊಡದೆ ಅದು ಉಳಿಯುವುದಿಲ್ಲ ಎಂದು ಅಲ್ಲೇ ಪ್ರಯೋಗ ಮಾಡಿ ಕಂಡುಕೊಂಡರು. ಇವತ್ತಿಗೂ ಅಲ್ಲಿ ಕ್ರಮವಾಗಿ ಬೆಂಕಿ ಕೊಡುತ್ತಾರೆ. ಆ ಕೆಲಸದಲ್ಲಿ ಇದ್ದ ಪರಿಸರ ವಿಜ್ಞಾನಿ ಆಲ್ಡೊ ಲಿಯೊಪೋಲ್ಡ್ 1948ರಲ್ಲಿ ತೀರಿಕೊಂಡದ್ದು ನೆರೆಯ ಜಮೀನಿನ ಹುಲ್ಲಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋದಾಗ, ಹೃದಯಾಘಾತದಿಂದ. ಇಷ್ಟು ಅನುಭವಸ್ಥರ ಜೀವವೂ ಬೆಂಕಿಯ ಮುಂದೆ ಹೋಗಿದೆ. ಅನುಮತಿ, ತರಬೇತಿ ಪಡೆದ ತಂಡ, ಬೆಂಕಿಪಟ್ಟಿ (ಬೆಂಕಿ ದಾಟದಂತೆ ಸುತ್ತ ಹುಲ್ಲು ತೆಗೆದ ಪಟ್ಟಿ), ಗಾಳಿಯ ಲೆಕ್ಕ ಇವೆಲ್ಲ ಇಲ್ಲದೆ ಕಡ್ಡಿ ಗೀರಬೇಡಿ. ಬೆಂಕಿಯೇ ಸೇರದ ಕಾಡುಗಳೂ ಇವೆ, ಒದ್ದೆ ನಿತ್ಯಹರಿದ್ವರ್ಣ ಕಾಡು ಅಂಥದ್ದು. ಅಲ್ಲಿ ಬೆಂಕಿಯ ಮಾತೇ ಬೇಡ.

7. ಓಡುವ ನೀರನ್ನು ನಿಧಾನ ಮಾಡುವುದು

ಕೊರಕಲು ಬಿದ್ದ ಕಡೆ ದೊಡ್ಡದೊಂದು ಗೋಡೆ ಕಟ್ಟುವ ಬದಲು, ಒಂದು ಕಲ್ಲಿನ ಎತ್ತರದ ಗಿಡ್ಡ ಸಾಲುಗಳನ್ನು ಕೊರಕಲಿಗೆ ಅಡ್ಡಲಾಗಿ, ಮೇಲಿನಿಂದ ಕೆಳಕ್ಕೆ ಒಂದಾದ ಮೇಲೆ ಒಂದರಂತೆ ಮಾಡಿ. ಕೆಲಸ ಮೇಲಿಂದಲೇ ಶುರುವಾಗಲಿ. ಕೆಳಗಿನ ಸಾಲು ಮಾತ್ರ ಮಾಡಿ ಹೋದರೆ ಮೇಲಿನ ಹೂಳೂ ರಭಸವೂ ಅದನ್ನು ಕಿತ್ತುಹಾಕುತ್ತವೆ. ಸಾಲಿನ ನಡುಭಾಗ ತಗ್ಗಿರಬೇಕು, ಎರಡು ತುದಿ ಎತ್ತರವಿದ್ದು ದಡದೊಳಗೆ ಹೊಕ್ಕಿರಬೇಕು. ನಡು ಎತ್ತರವಾದರೆ ನೀರು ಪಕ್ಕದಿಂದ ನುಗ್ಗಿ ದಡ ಕೊರೆಯುತ್ತದೆ. ನೀರು ಕೆಳಗೆ ಬೀಳುವ ಕಡೆ ಚಪ್ಪಟೆ ಕಲ್ಲು ಹಾಸಿ. ಹೂಳು ನಿಂತ ಕಡೆ ಹುಲ್ಲು ತಾನಾಗಿ ಬರುತ್ತದೆ.

8. ನೆಡಲೇಬೇಕಾದರೆ

ಮಣ್ಣಿನಲ್ಲಿ ಬೀಜ ಉಳಿದಿದ್ದರೆ, ಹತ್ತಿರ ತಾಯಿಮರ ಇದ್ದರೆ, ಕಾಯಿರಿ. ತಾನಾಗಿ ಹುಟ್ಟಿದ ಸಸಿ ಆ ಜಾಗಕ್ಕೆ ಒಗ್ಗಿಕೊಂಡೇ ಹುಟ್ಟಿರುತ್ತದೆ, ನೀರು ಕೊಡುವ ಗೋಜಿಲ್ಲ. ಅದರ ಸುತ್ತ ಕಳೆ ಕಿತ್ತು, ಪಕ್ಕದಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ. ಇಲ್ಲದಿದ್ದರೆ ಕಳೆ ಕೊಯ್ಯುವವರ ಕೈಗೆ ಸಿಕ್ಕಿ ಹೋಗುತ್ತದೆ. ಏನೂ ಬರುತ್ತಿಲ್ಲ ಎಂದಾದರೆ ಆಗ ನೆಡಿ, ಹತ್ತಿರದ ಹಲವು ಮರಗಳಿಂದ ಆಯ್ದ ಬೀಜದ ಸಸಿಗಳನ್ನೇ ನೆಡಿ. ಒಂದೇ ಮರದ ಬೀಜ ಬೇಡ.

9. ಮತ್ತೆ ಹೋಗಿ, ಬರೆದಿಡಿ

ಕಳೆ ತೆಗೆದ ಜಾಗಕ್ಕೆ ಮೊದಲ ಮಳೆ ಬಿದ್ದು ಮೊಳಕೆ ಎದ್ದಾಗ ಹೋಗಿ. ಹೂ ಬಿಡುವ ಮೊದಲು ಇನ್ನೊಮ್ಮೆ ಹೋಗಿ. ಎರಡನೇ, ಮೂರನೇ ವರ್ಷವೂ ಹೋಗಿ. ಹಣ, ಜನ, ಸಮಯ ಎಲ್ಲವನ್ನೂ ಹಂಚುವಾಗ ಈ ಮರುಭೇಟಿಗೆ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಹೊಸ ಜಾಗ ಎಷ್ಟು ಎಂದು ನಿರ್ಧರಿಸಿ.

ಲೆಕ್ಕ ಇಡುವುದು ಕಷ್ಟವಲ್ಲ. ಒಂದು ಗೂಟ ನೆಟ್ಟು, ಅದೇ ಜಾಗದಿಂದ, ಅದೇ ದಿಕ್ಕಿಗೆ, ಪ್ರತಿ ಋತುವಿನಲ್ಲಿ ಫೋಟೋ ತೆಗೆಯಿರಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಗಳನ್ನು ಗುರುತು ಮಾಡಿ, ಒಳಗೆ ಯಾವ ಗಿಡ ಎಷ್ಟಿದೆ ಎಣಿಸಿ. ಕೆಲಸ ಮಾಡದೆ ಬಿಟ್ಟ ಜಾಗದಲ್ಲೂ ಕೆಲವು ಚೌಕ ಇರಲಿ. ಅದಿಲ್ಲದಿದ್ದರೆ ಬದಲಾವಣೆ ಬಂದದ್ದು ನಿಮ್ಮ ಕೆಲಸದಿಂದಲೋ ಒಳ್ಳೆ ಮಳೆಯಿಂದಲೋ ಗೊತ್ತಾಗುವುದಿಲ್ಲ, ಅಲ್ವಾ?

10. ಮೈ, ಹತ್ಯಾರು, ಉದ್ಯೋಗ

ಈ ಕೆಲಸ ಬೆನ್ನು, ಮೊಣಕಾಲು, ಮಣಿಕಟ್ಟನ್ನು ತಿನ್ನುತ್ತದೆ. ಮೊಂಡು ಮಚ್ಚು ಹರಿತ ಮಚ್ಚಿಗಿಂತ ಅಪಾಯ, ಏಕೆಂದರೆ ಜಾಸ್ತಿ ಬಲ ಹಾಕಬೇಕು, ಏಟು ಜಾರುತ್ತದೆ. ಬೀಸುವ ಹತ್ಯಾರು ಹಿಡಿದವರ ನಡುವೆ ಕನಿಷ್ಠ ಮೂರು ಮೀಟರ್ ಅಂತರ ಇರಲಿ. ಬಿಸಿಲೇರುವ ಮುಂಚೆ ಭಾರದ ಕೆಲಸ ಮುಗಿಸಿ. ಪಾರ್ಥೇನಿಯಂ ಕೀಳುವಾಗ ಗ್ಲೌಸ್, ಮಾಸ್ಕ್ ಹಾಕಿ. ಚರ್ಮದ ಅಲರ್ಜಿ, ಉಬ್ಬಸ ತರುವ ಗಿಡ ಅದು. ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿ ಹಾವಿನ ವಿಷಕ್ಕೆ ಔಷಧ ಇದೆಯಾ ಎಂದು ಮೊದಲ ದಿನವೇ ವಿಚಾರಿಸಿಡಿ.

ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಬೂಟಿನ ಅಡಿ, ಪಿಕಾಸಿ, ಗಾಡಿಯ ಚಕ್ರ ತೊಳೆಯಿರಿ. ಕಳೆಯ ಬೀಜ ಮಾತ್ರ ಅಲ್ಲ, ಬೇರು ಕೊಳೆಸುವ ರೋಗವೂ ಮಣ್ಣಿನ ಜೊತೆ ಸಾಗುತ್ತದೆ. ಆಸ್ಟ್ರೇಲಿಯಾದ ನೈಋತ್ಯ ಕಾಡುಗಳಲ್ಲಿ ಫೈಟಾಫ್ತೊರಾ ಎಂಬ ಇಂಥ ರೋಗ ಹರಡಿದ್ದು ಬಹುಪಾಲು ಹೀಗೇ.

ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕು ಎನ್ನುವವರು ಪದವಿಗೆ ಕಾಯಬೇಕಿಲ್ಲ. ಅರಣ್ಯ ಇಲಾಖೆಗಳು, ಸಂರಕ್ಷಣಾ ಟ್ರಸ್ಟುಗಳು, ಖಾಸಗಿ ಜಮೀನಿನವರು ಹುಡುಕುವುದು ನಂಬಿಕೆಯಿಂದ ಕೆಲಸ ಒಪ್ಪಿಸಬಹುದಾದವರನ್ನು. ಸ್ವಯಂಸೇವೆಯಿಂದ ಶುರು ಮಾಡಿ, ಆದರೆ ಹತ್ತು ಕಡೆ ಒಂದೊಂದು ದಿನ ಹೋಗುವ ಬದಲು ಒಂದೇ ಜಾಗದಲ್ಲಿ ವರ್ಷವಿಡೀ ಇರಿ. ಪ್ರಥಮ ಚಿಕಿತ್ಸೆ ಮತ್ತು ಪವರ್ ಗರಗಸದ ತರಬೇತಿ ಪಡೆಯಿರಿ. ಹುಲ್ಲುಗಳನ್ನು ಗುರುತಿಸುವುದನ್ನು ಕಲಿಯಿರಿ. ಮರ, ಹಕ್ಕಿ ಗೊತ್ತಿರುವವರು ಬೇಕಾದಷ್ಟು ಜನ ಸಿಗುತ್ತಾರೆ, ಹುಲ್ಲು ಗೊತ್ತಿರುವವರು ಸಿಗುವುದು ಅಪರೂಪ. ಕೆಲಸ ಕೇಳಲು ಹೋಗುವಾಗ ಗೂಟದ ಫೋಟೋಗಳನ್ನೂ ಚೌಕದ ಲೆಕ್ಕದ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಯಾವ ತಿಂಗಳು ಏನು ಕಿತ್ತಿರಿ, ಆಮೇಲೆ ಅಲ್ಲಿ ಏನು ಬಂತು, ಮೂರನೇ ವರ್ಷ ಏನಾಯಿತು ಎಂದು ತೋರಿಸಿ ಹೇಳಬಲ್ಲವರು ಕೆಲಸ ಕೊಡುವವರಿಗೆ ಸುಲಭವಾಗಿ ಸಿಗುವುದಿಲ್ಲ.